ಟಿಕ್ ಎಂದ ಮೇಲೆ ಹೊತ್ತಿದ ದೀಪ

ಶಾಲಾ ಬಸ್ಸಿನ ಚಾಲಕರ ಕಣ್ಣು, ಕಾಲು ಎಷ್ಟು ಚುರುಕಾಗಿವೆ ಎಂದು ಪರೀಕ್ಷಿಸಿ ಕೊಡಿ ಎಂದು ಒಂದು ಶಾಲೆಯವರು ಬಂದು ಕೇಳಿದಾಗ ನಾನು ಹಿಂದೆಮುಂದೆ ನೋಡದೆ ಒಪ್ಪಿಕೊಂಡೆ. ಕಾಲೇಜಿನ ಮನಶ್ಶಾಸ್ತ್ರ ವಿಭಾಗದಲ್ಲಿ ಪ್ರಯೋಗಾಲಯದ ಉಪಕರಣಗಳನ್ನು ನೋಡಿಕೊಳ್ಳುವ ಕೆಲಸ ನನ್ನದು. ಪ್ರಾಯೋಗಿಕ ಪರೀಕ್ಷೆ ಬಂದಾಗ ಮಾತ್ರ ಧೂಳು ಕೊಡವಿಸಿಕೊಳ್ಳುವ ಪೆಟ್ಟಿಗೆಗಳ ನಡುವೆ ಕೂತು ಕೂತು ಬೇಸತ್ತಿದ್ದವಳಿಗೆ, ಇದು ರಸ್ತೆಗೆ, ಮಕ್ಕಳಿಗೆ, ನಿಜವಾದ ಬದುಕಿಗೆ ಸೇರಿದ ಕೆಲಸ ಅನ್ನಿಸಿತು. ಒಳಗೊಳಗೆ ಸ್ವಲ್ಪ ಜಂಬವೂ ಇತ್ತು. ನಮ್ಮ ತಾತ ಅರಮನೆಯ ಗಡಿಯಾರಗಳಿಗೆ ಕೀ ಕೊಡುತ್ತಿದ್ದವರು. ಹೊತ್ತನ್ನು ಅಳೆಯುವ ವಿಷಯದಲ್ಲಿ ನಮ್ಮ ಮನೆತನಕ್ಕೆ ಬೇರೆಯವರು ಪಾಠ ಹೇಳಬೇಕಾಗಿಲ್ಲ ಎಂದು ನಾನು ನಂಬಿದ್ದೆ.

ವಿಭಾಗದಲ್ಲಿ ಇದ್ದ ಹಳೆಯ ಉಪಕರಣದಲ್ಲಿ ಕಡಲೆಕಾಳಿನಷ್ಟು ದೊಡ್ಡ ಒಂದು ಎಲ್‌ಇಡಿ ದೀಪ. ಅದು ಹೊತ್ತಿದ ಕೂಡಲೇ ಗುಂಡಿ ಒತ್ತಬೇಕು, ಅಷ್ಟೆ. ಶಾಲೆಯ ಸಾರಿಗೆ ನೋಡಿಕೊಳ್ಳುವ ವ್ಯವಸ್ಥಾಪಕರು ಅದನ್ನು ಕಂಡು ನಕ್ಕುಬಿಟ್ಟರು.

"ಇದೇನ್ ಮೇಡಂ, ಮೊಬೈಲ್ ಚಾರ್ಜಿಗೆ ಹಾಕಿದಂಗಿದೆ. ನಮ್ಮೋರು ದಿನಾ ನೋಡೋದು ಮುಂದಿನ ಗಾಡಿ ಬ್ರೇಕ್ ಲೈಟು ಕಣ್ರೀ."

ಅವರ ಮಾತು ನನಗೆ ಸರಿ ಎನಿಸಿತು. ಮೋಟಾರು ಬಿಡಿಭಾಗಗಳ ಅಂಗಡಿಯಿಂದ ನಿಜವಾದ ಬ್ರೇಕ್ ಲೈಟಿನ ಬಲ್ಬುಗಳನ್ನೇ ತಂದೆ. ಒಂದು ದೊಡ್ಡ ಪ್ಲೈವುಡ್ ಹಲಗೆಗೆ ಕಪ್ಪು ಬಳಿದು, ನಡುವೆ ಒಂದು, ಎಡ ತುದಿಗೆ ಒಂದು, ಬಲ ತುದಿಗೆ ಒಂದು ಬಲ್ಬು ಕೂರಿಸಿದೆ. ಗುಜರಿಯಲ್ಲಿ ಸಿಕ್ಕ ಬಸ್ಸಿನ ಪೆಡಲುಗಳನ್ನು ನೆಲಕ್ಕೆ ಬಿಗಿದೆ. ಚಾಲಕ ಕುರ್ಚಿಯಲ್ಲಿ ಕೂತು ಹಲಗೆಯ ಮಧ್ಯಕ್ಕೆ ಅಂಟಿಸಿದ ರಸ್ತೆಯ ಚಿತ್ರವನ್ನೇ ನೋಡುತ್ತಿರಬೇಕು; ಯಾವ ದೀಪ ಹೊತ್ತಿದರೂ ಕಾಲನ್ನು ಆಕ್ಸಿಲರೇಟರಿನಿಂದ ತೆಗೆದು ಬ್ರೇಕಿನ ಮೇಲೆ ಒತ್ತಬೇಕು. ನಡುವಿನ ದೀಪ ಎದುರಿನ ಗಾಡಿಗೆ, ತುದಿಯ ದೀಪಗಳು ಪಕ್ಕದಿಂದ ನುಗ್ಗುವ ಸ್ಕೂಟರು, ಸೈಕಲ್ಲುಗಳಿಗೆ. ಎಷ್ಟು ಹೊತ್ತಿಗೆ ಯಾವುದು ಹೊತ್ತುತ್ತದೆ ಎಂದು ಊಹಿಸಲು ಆಗದಂತೆ ಕಂಪ್ಯೂಟರಿನಲ್ಲಿ ಹೊಂದಿಸಿದೆ. ಆ ಬಲ್ಬುಗಳಿಗೆ ಹೆಚ್ಚು ವಿದ್ಯುತ್ ಬೇಕಾದ್ದರಿಂದ ಒಂದೊಂದಕ್ಕೂ ಒಂದೊಂದು ರಿಲೇ ಹಾಕಬೇಕಾಯಿತು. ರಿಲೇ ಎಂದರೆ ಒಳಗಿನ ಅಯಸ್ಕಾಂತ ಎಳೆದಾಗ ತಾನೇ ಮುಚ್ಚಿಕೊಳ್ಳುವ ಪುಟ್ಟ ಸ್ವಿಚ್ಚು. ಮುಚ್ಚಿಕೊಂಡಾಗ ಟಿಕ್ ಎನ್ನುತ್ತದೆ. ಸ್ವಿಚ್ಚು ಎಂದ ಮೇಲೆ ಟಿಕ್ ಎನ್ನದೇ ಇರುತ್ತದೆಯೇ ಎಂದುಕೊಂಡು ಮುಂದಿನ ಕೆಲಸ ನೋಡಿದೆ.

ಪರೀಕ್ಷೆಗೆ ವಿಭಾಗದ ಹಿಂಬದಿಯ ಕೋಣೆಯನ್ನು ಆರಿಸಿಕೊಂಡೆ. ಚಾಲಕರ ಗಮನ ಚೆದುರಬಾರದೆಂದು ಕಿಟಕಿ ಮುಚ್ಚಿದೆ, ದಪ್ಪ ಪರದೆ ಎಳೆದೆ, ಫ್ಯಾನು ಕೂಡ ಆರಿಸಿದೆ. ಸೂಜಿ ಬಿದ್ದರೂ ಕೇಳುವಂಥ ಮೌನ. ಅದಕ್ಕಾಗಿ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಚಾಲಕರು ಒಬ್ಬೊಬ್ಬರಾಗಿ ಬಂದರು. ಎಲ್ಲರಿಗಿಂತ ಚುರುಕಾಗಿ ಒತ್ತಿದವರು ಶ್ರೀರಾಂಪುರದಲ್ಲಿ ಮನೆ ಮಾಡಿಕೊಂಡಿದ್ದ ಒಬ್ಬ ದುಂಡನೆಯ, ನಗುಮುಖದ ಚಾಲಕರು. ದೀಪ ಹೊತ್ತುವುದೂ ಅವರ ಕಾಲು ಬೀಳುವುದೂ ಒಂದೇ. ಹೇಗೆ ಸಾಧ್ಯ ಎಂದು ಕೇಳಿದೆ.

"ಗೊತ್ತಿಲ್ಲ ಮೇಡಂ. ಕಾಲು ತಾನೇ ಓಗ್ಬುಡ್ತದೆ" ಎಂದು ನಕ್ಕರು. ಎಲ್ಲ ಮುಗಿದ ಮೇಲೆ ನಾನು ಎಲ್ಲರ ಮುಂದೆ ಇವರೇ ಫಸ್ಟ್ ಎಂದು ಸಾರಿದೆ. ಅವರು ಮನೆಗೆ ಫೋನು ಮಾಡಿ ಹೇಳಿದ್ದೂ ನನ್ನ ಕಿವಿಗೆ ಬಿತ್ತು.

ಕೊನೆಗೆ ಬಂದವರು ಕುಂಬಾರಕೊಪ್ಪಲಿನ ಚಾಲಕರು. ಐವತ್ತು ದಾಟಿದ ವಯಸ್ಸು, ಗಂಜಿ ಹಾಕಿ ಇಸ್ತ್ರಿ ಮಾಡಿದ ಖಾಕಿ ಅಂಗಿ, ಮಾತು ಕಡಿಮೆ. ಹರೆಯದಲ್ಲಿ ಇಂಜಿನ್ನು ಪಕ್ಕದಲ್ಲೇ ಗುಡುಗುವ ಹಳೆಯ ಲಾರಿಗಳನ್ನು ಓಡಿಸಿ ಓಡಿಸಿ ಅವರ ಕಿವಿ ಮಂದವಾಗಿತ್ತು. ಶ್ರವಣಯಂತ್ರ ಹಾಕಿಸಿಕೊಂಡಿದ್ದರು; ಅದು ಇದ್ದರೆ ಎಲ್ಲ ಸರಿಯಾಗಿ ಕೇಳುತ್ತದೆ ಎಂದು ವೈದ್ಯರೂ ಹೇಳಿದ್ದರು. ಕುರ್ಚಿಯಲ್ಲಿ ಕೂರುತ್ತಾ ಅವರು ಕಿವಿ ಮುಟ್ಟಿಕೊಂಡು ಕೇಳಿದರು:

"ಇದು ಇರ್ಲಾ ಅಮ್ಮ, ತೆಗೀಲಾ?"

"ತೆಗೀರಿ. ಕಣ್ಣಿನ ಪರೀಕ್ಷೆಗೆ ಕಿವಿ ಯಾಕೆ?" ಎಂದೆ.

ಇದನ್ನು ನಾನು ತಮಾಷೆಯಾಗಿ ಹೇಳಿದೆ. ಅವರು ಯಂತ್ರ ತೆಗೆದು ನನ್ನ ಅಂಗೈಗೆ ಕೊಟ್ಟರು. ಕೈ ಮುಚ್ಚಿದೊಡನೆ ಅದು ಕುಂಯ್ ಎಂದು ಸಿಳ್ಳೆ ಹಾಕತೊಡಗಿತು. ಆ ಯಂತ್ರಗಳ ಸ್ವಭಾವವೇ ಹಾಗೆ, ಬೊಗಸೆಯೊಳಗಿಟ್ಟರೆ ತಮ್ಮ ದನಿ ತಾವೇ ಕೇಳಿಸಿಕೊಂಡು ಕೂಗುತ್ತವೆ. ಕೋಣೆಯ ಮೌನ ಕೆಡುತ್ತದೆಂದು ಸ್ಕ್ರೂಗಳನ್ನು ಹಾಕಿಡುವ ಸ್ಟೀಲ್ ಡಬ್ಬಿಯೊಳಗೆ ಅದನ್ನು ಹಾಕಿ ಮುಚ್ಚಳ ಬಿಗಿದೆ.

ಅವರ ಫಲಿತಾಂಶ ನೋಡಿ ಹುಬ್ಬೇರಿಸಿದೆ. ಮೂರು ದೀಪಕ್ಕೂ ನಿಧಾನ. ಒಂದಕ್ಕೆ ಹೆಚ್ಚು, ಒಂದಕ್ಕೆ ಕಡಿಮೆ ಎಂದಲ್ಲ, ಎಲ್ಲಕ್ಕೂ ಒಂದೇ ಸಮನಾಗಿ ನಿಧಾನ. ಮತ್ತೊಮ್ಮೆ ಮಾಡಿಸಿದೆ. ಅದೇ. ಅವರ ಮುಖ ಕೆಂಪಾಯಿತು.

"ಲೈಟು ಬಂದೇಟ್ಗೇ ಒತ್ತಿವ್ನಿ ಕಣಮ್ಮ. ಒಂದೂ ಬುಟ್ಟಿಲ್ಲ."

"ಮೆಷಿನ್ ಸುಳ್ಳು ಹೇಳಲ್ಲ" ಎಂದು ಅವರಿಗೆ ಕೇಳಲೆಂದು ಜೋರಾಗಿ, ಒಂದೊಂದೇ ಮಾತು ಬಿಡಿಸಿ ಹೇಳಿದೆ. ಪರೀಕ್ಷೆ ಮುಗಿಸಿ ಪಕ್ಕದ ಕೋಣೆಯಲ್ಲಿ ಕಾಯುತ್ತಿದ್ದ ಮಿಕ್ಕ ಚಾಲಕರಿಗೂ ಅದು ಕೇಳಿಸಿತು.

ಚಾಲನೆಗೆ ಸೂಕ್ತರಲ್ಲ ಎಂದು ಬರೆದುಕೊಟ್ಟೆ. ಮಕ್ಕಳ ಜೀವದ ವಿಷಯ, ಇದರಲ್ಲಿ ಮುಲಾಜು ನೋಡಬಾರದು ಎಂದು ವ್ಯವಸ್ಥಾಪಕರಿಗೆ ಬುದ್ಧಿಯನ್ನೂ ಹೇಳಿದೆ. ಅವರು ಕುಂಬಾರಕೊಪ್ಪಲಿನವರನ್ನು ಚಾಲಕನ ಸೀಟಿನಿಂದ ಇಳಿಸಿ, ಅದೇ ಬಸ್ಸಿನಲ್ಲಿ ಬಾಗಿಲು ತೆಗೆದು ಮಕ್ಕಳನ್ನು ಹತ್ತಿಸುವ ಕೆಲಸಕ್ಕೆ ಹಾಕಿದರು. ಶ್ರೀರಾಂಪುರ, ದಟ್ಟಗಳ್ಳಿ ಸುತ್ತಿ ಶಾಲೆಗೆ ಬರುವ ಆ ಬಸ್ಸನ್ನು ಫಸ್ಟ್ ಬಂದ ಚಾಲಕರಿಗೆ ಒಪ್ಪಿಸಿದರು. ಆ ದಿನ ಮನೆಗೆ ಹೋಗಿ ನಾನು ಕಣ್ತುಂಬ ನಿದ್ದೆ ಮಾಡಿದೆ. ಅದನ್ನು ನೆನೆಸಿಕೊಂಡರೆ ಈಗ ಮೈ ಪರಚಿಕೊಳ್ಳುವಂತಾಗುತ್ತದೆ.

ಕೆಲವು ತಿಂಗಳು ಕಳೆದವು. ಶಾಲೆಯವರು ಪೋಷಕರ ಸಭೆಯಲ್ಲಿ ಈ ಪರೀಕ್ಷೆಯನ್ನು ತೋರಿಸಬೇಕೆಂದರು. ಹಲಗೆ, ಪೆಡಲು ಎಲ್ಲವನ್ನೂ ಆಟೊದಲ್ಲಿ ಹೇರಿಕೊಂಡು ಹೋಗಿ ಸಭಾಂಗಣದಲ್ಲಿ ಜೋಡಿಸಿದೆ. ಪ್ರದರ್ಶನಕ್ಕೆ ನಮ್ಮ ಫಸ್ಟ್ ಚಾಲಕರೇ ಕೂತರು. ಅಷ್ಟರಲ್ಲಿ ಹೊರಗೆ ಮೈದಾನದಲ್ಲಿ ಶಾಲೆಯ ಬ್ಯಾಂಡಿನ ಅಭ್ಯಾಸ ಶುರುವಾಯಿತು. ಡ್ರಮ್ಮುಗಳ ಹೊಡೆತಕ್ಕೆ ಸಭಾಂಗಣದ ಗಾಜುಗಳು ಗಡಗಡ ಅನ್ನುತ್ತಿದ್ದವು. ನಿಲ್ಲಿಸಲು ಹೇಳಿ ಕಳಿಸಿದರೂ ಬ್ಯಾಂಡು ನಿಲ್ಲಲಿಲ್ಲ.

ಆಮೇಲೆ ನಡೆದದ್ದು ನಗೆಪಾಟಲು. ನಡುವಿನ ದೀಪ ಹೊತ್ತಿತು, ಅವರ ಕಾಲು ತಡವಾಗಿ ಬಿತ್ತು. ಬಲದ್ದು ಹೊತ್ತಿತು, ಇನ್ನೂ ತಡ. ಎಡದ್ದು ಹೊತ್ತಿತು, ಅವರು ಅಲ್ಲಾಡಲೇ ಇಲ್ಲ. ದೀಪ ಹೊತ್ತಿಕೊಂಡೇ ಇತ್ತು, ಅವರು ರಸ್ತೆಯ ಚಿತ್ರವನ್ನೇ ನೋಡುತ್ತಿದ್ದರು. ಮುಂದಿನ ಸಾಲಿನ ತಾಯಿಯೊಬ್ಬರು "ಲೈಟ್ ಬಂತಲ್ಲ" ಎಂದದ್ದಕ್ಕೆ ಬೆಚ್ಚಿ ಒತ್ತಿದರು. ಇನ್ನೊಮ್ಮೆ ಎಡದ್ದು ಹೊತ್ತಿದಾಗಲೂ ಹಾಗೇ ಆಯಿತು.

"ಸ್ಟೇಜ್ ಫಿಯರ್ ಕಣ್ರೀ!" ಎಂದು ವ್ಯವಸ್ಥಾಪಕರು ನಗಿಸಿ ಮಾತು ಮರೆಸಿದರು. ನಾನೂ ಮೈಕು ಹಿಡಿದು, ಗದ್ದಲದಲ್ಲಿ ಗಮನ ಚೆದುರುತ್ತದೆ, ಆದ್ದರಿಂದ ಮಕ್ಕಳು ಬಸ್ಸಿನಲ್ಲಿ ಕಿರುಚಬಾರದು ಎಂದು ನಾಲ್ಕು ಮಾತು ಹೇಳಿದೆ. ಚಪ್ಪಾಳೆ ಬಿತ್ತು. ಚಾಲಕರು ಬೆವರು ಒರೆಸಿಕೊಳ್ಳುತ್ತಾ ನನ್ನ ಬಳಿ ಬಂದು, "ಆ ಡೋಲಿನ ಸದ್ದಲ್ಲಿ ಕಾಲೇ ಓಡ್ಲಿಲ್ಲ ಮೇಡಂ" ಎಂದರು. ಕಣ್ಣು ಓಡಲಿಲ್ಲ ಎನ್ನದೆ ಕಾಲು ಓಡಲಿಲ್ಲ ಎಂದರಲ್ಲ ಎಂದು ಆಟೊದಲ್ಲಿ ಬರುವಾಗ ಹೊಳೆಯಿತು. ಗಮನ ಚೆದುರಿದರೆ ತಡವಾಗಬಹುದು, ಆದರೆ ಎಡಗಡೆಯ ದೀಪ ಮಾತ್ರ ಯಾಕೆ ಕಾಣದೇ ಹೋಗಬೇಕು?

ಮರುದಿನ ಕಾಲೇಜಿನ ಜನರೇಟರ್ ನೋಡಿಕೊಳ್ಳುವವರಿಂದ ಸದ್ದು ಕೇಳದಂತೆ ಕಿವಿಗೆ ಹಾಕಿಕೊಳ್ಳುವ ಕವಚ ಇಸಿದುಕೊಂಡು ಬಂದೆ. ಮೊದಲು ಕವಚವಿಲ್ಲದೆ ನಾನೇ ಕುರ್ಚಿಯಲ್ಲಿ ಕೂತು ಪರೀಕ್ಷೆ ಮಾಡಿಕೊಂಡೆ. ಒಳ್ಳೆಯ ಫಲಿತಾಂಶ ಬಂತು. ಆಮೇಲೆ ಕವಚ ಹಾಕಿಕೊಂಡು ಕೂತೆ. ನಡುವಿನದಕ್ಕೂ ಎಡದ್ದಕ್ಕೂ ತಡವಾಯಿತು. ಬಲದ ದೀಪವಂತೂ ಹೊತ್ತಲೇ ಇಲ್ಲ. ಕಾದೆ, ಕಾದೆ, ಬರಲಿಲ್ಲ. ಎದ್ದು ಹೋಗಿ ಬಲ್ಬು ತಿರುಪಿ ತೆಗೆದು ನೋಡಿದರೆ ಒಳಗಿನ ತಂತಿ ಸುಟ್ಟುಹೋಗಿದೆ. ಆಟೊದ ಕುಲುಕಾಟಕ್ಕೆ ಹೋಗಿರಬೇಕು ಎಂದುಕೊಂಡು ಹೊಸದನ್ನು ಹಾಕಲು ಕೈ ಚಾಚಿದೆ. ಕೈ ಅಲ್ಲೇ ನಿಂತಿತು.

ಕವಚ ಹಾಕುವ ಮೊದಲು ಬಲದ ದೀಪಕ್ಕೂ ನಾನು ಬ್ರೇಕ್ ಒತ್ತಿದ್ದೆ. ಪ್ರತಿ ಸಲವೂ ಒತ್ತಿದ್ದೆ. ಅಷ್ಟೇ ಅಲ್ಲ, ಬಲದ ಅಂಚಿನಲ್ಲಿ ಕೆಂಪು ಮಿಂಚಿದ್ದನ್ನು ನೋಡಿದ ನೆನಪೂ ಇತ್ತು. ಸುಟ್ಟ ಬಲ್ಬು ಹೊತ್ತಿದ್ದನ್ನು ನಾನು ಕಂಡಿದ್ದೆ! ಕುರ್ಚಿಗೆ ಹಿಂತಿರುಗಿ ಕೂತು, ಬಲ್ಬೇ ಇಲ್ಲದ ಆ ಹೋಲ್ಡರಿನ ಮುಂದೆ ಮತ್ತೆ ಪರೀಕ್ಷೆ ನಡೆಸಿದೆ. ಟಿಕ್ ಎಂದಿತು. ಬಲ್ಬು ನನ್ನ ಅಂಗಿಯ ಜೇಬಿನಲ್ಲಿತ್ತು, ಆದರೂ ಕಾಲು ಬ್ರೇಕಿನ ಮೇಲಿತ್ತು.

ಭೌತಶಾಸ್ತ್ರ ವಿಭಾಗದಿಂದ ಆಸಿಲೋಸ್ಕೋಪ್ ತಂದೆ. ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ ಅದು. ಅದರ ಒಂದು ತುದಿಗೆ ಮೈಕು ಜೋಡಿಸಿ ರಿಲೇ ಪಕ್ಕದಲ್ಲಿಟ್ಟೆ, ಇನ್ನೊಂದಕ್ಕೆ ಬೆಳಕು ಗುರುತಿಸುವ ಸೆನ್ಸರ್ ಜೋಡಿಸಿ ಬಲ್ಬಿನ ಮುಂದಿಟ್ಟೆ. ಪರದೆಯ ಮೇಲೆ ಎರಡು ಗೆರೆ ಮೂಡಿದವು. ಶಬ್ದದ ಗೆರೆ ಮೊದಲು ಚೂಪಾಗಿ ನೆಗೆಯಿತು. ಬೆಳಕಿನದು ಆಮೇಲೆ, ದಿಣ್ಣೆ ಹತ್ತುವ ಎತ್ತಿನಂತೆ ನಿಧಾನವಾಗಿ ಏರಿತು. ಆ ಬಗೆಯ ಬಲ್ಬಿನ ತಂತಿ ಕಾದು ಬೆಳಕು ಕೊಡಲು ಒಂದಿಷ್ಟು ಹೊತ್ತು ಬೇಕು, ಎಲ್‌ಇಡಿಗೆ ಬೇಡ. ಸಾಲದ್ದಕ್ಕೆ ಮನುಷ್ಯನ ಮೈ ಕಣ್ಣಿನ ಸುದ್ದಿಗಿಂತ ಕಿವಿಯ ಸುದ್ದಿಗೆ ಬೇಗ ಎಚ್ಚರಗೊಳ್ಳುತ್ತದೆ. ಇದು ನಮ್ಮ ವಿಭಾಗದ ಮೊದಲ ವರ್ಷದ ಮಕ್ಕಳಿಗೆ ಹೇಳಿಕೊಡುವ ಪಾಠ. ಆ ಪಾಠಕ್ಕೆ ಬೇಕಾದ ಗಂಟೆ, ದೀಪಗಳನ್ನು ಪ್ರತಿ ವರ್ಷ ಮೇಜಿನ ಮೇಲೆ ಜೋಡಿಸಿಡುವವಳು ನಾನೇ.

ಅಷ್ಟು ದಿನ ಆ ಟಿಕ್ ನನಗೆ ಕೇಳಿಸಿರಲಿಲ್ಲ ಎಂದಲ್ಲ. ದೀಪವೂ ಸದ್ದೂ ಒಟ್ಟಿಗೇ ಬಂದಂತೆ ಕಾಣುತ್ತಿತ್ತು. ಕವಚ ಹಾಕಿ ನೋಡಿದರೆ ಬಲ್ಬು ಮೊದಲು ಮಬ್ಬಾಗಿ ಕೆಂಪೇರಿ, ಆಮೇಲೆ ಬೆಳಗುವುದು ಚೆನ್ನಾಗಿ ಗೊತ್ತಾಗುತ್ತದೆ. ಕವಚ ತೆಗೆದರೆ ಅದೇ ಬಲ್ಬು ಟಿಕ್ ಎಂದ ಕೂಡಲೇ ಫಳ್ಳನೆ ಹೊತ್ತಿದಂತೆ ಕಾಣುತ್ತದೆ. ಸದ್ದು ಹೇಳಿದ್ದನ್ನೇ ಕಣ್ಣು ಕಂಡೆ ಎನ್ನುತ್ತದೆ. ನಾನು ಎಷ್ಟು ಸಲ ತೆಗೆದು ಹಾಕಿ ನೋಡಿದರೂ, ಗುಟ್ಟು ಗೊತ್ತಿದ್ದೂ, ಹಾಗೇ ಕಂಡಿತು.

ಲೆಕ್ಕ ತಾನಾಗಿ ಬಿಚ್ಚಿಕೊಂಡಿತು. ಆ ಮೌನದ ಕೋಣೆಯಲ್ಲಿ ಎಲ್ಲ ಚಾಲಕರೂ ಕಿವಿಯಿಂದ ಬ್ರೇಕ್ ಹಾಕಿದ್ದರು. ಬೇಕೆಂದು ಯಾರೂ ಮೋಸ ಮಾಡಿರಲಿಲ್ಲ. ನನ್ನಂತೆ ಅವರೂ ದೀಪ ನೋಡಿ ಒತ್ತಿದೆವು ಎಂದೇ ನಂಬಿದ್ದರು. ನಾನು ಹೇಳಿದ್ದನ್ನು ಹೇಳಿದ ಹಾಗೆ, ಕಣ್ಣಿನಿಂದ ಮಾಡಿದವರು ಒಬ್ಬರೇ. ಅವರ ಕಿವಿಯನ್ನು ನಾನೇ ತೆಗೆಸಿ ಸ್ಕ್ರೂ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದೆ. ಅವರೊಬ್ಬರನ್ನೇ ಸೀಟಿನಿಂದ ಇಳಿಸಿದ್ದೆ.

ತಕ್ಷಣ ವ್ಯವಸ್ಥಾಪಕರಿಗೆ ಫೋನು ಮಾಡಿದೆ. ಮಾಡಿದೆನೇನೋ ನಿಜ, ಆದರೆ ಬಾಯಿಂದ ಬಂದದ್ದು, "ಉಪಕರಣದಲ್ಲಿ ಸಣ್ಣ ದೋಷ ಇದೆ, ಕುಂಬಾರಕೊಪ್ಪಲಿನವರ ಫಲಿತಾಂಶದ ಬಗ್ಗೆ ನನಗೆ ಅನುಮಾನ" ಎಂಬ ಮಾತು ಮಾತ್ರ.

ಅವರು ಚುರುಕು ಮನುಷ್ಯ. "ಅಯ್ಯೋ, ಅಷ್ಟೇ ತಾನೆ? ಮುಂದಿನ ತಿಂಗಳು ಅವರನ್ನ ಸುಮ್ಮನೆ ಇನ್ನೊಂದು ಬಸ್ಸಿಗೆ ಹಾಕ್ಬುಡೋಣ. ಪಾಸಾದೋರ್ ತಂಟೆಗೆ ಹೋಗ್ಬೇಡಿ ಮೇಡಂ, ಪೋಷಕರ ಮುಂದೆ ತೋರಿಸಿಬಿಟ್ಟಿದೀವಿ. ನಿಮ್ ಹೆಸರೂ ಹಾಳಾಗುತ್ತೆ, ನಮ್ದೂ ಹಾಳಾಗುತ್ತೆ."

"ಆಯಿತು" ಎಂದೆ. ಯಾರೂ ನನ್ನ ಕತ್ತು ಹಿಡಿದು ಹೇಳಿಸಲಿಲ್ಲ. ರಿಲೇಗಳನ್ನು ಕಿತ್ತೆಸೆದು, ಸದ್ದಿಲ್ಲದ ಎಲ್‌ಇಡಿ ದೀಪಗಳನ್ನು ಕೂರಿಸುವ ಕೆಲಸಕ್ಕೆ ಕೂತೆ. ಬೆಸುಗೆ ಹಾಕುತ್ತಾ ಕೈ ಸುಟ್ಟುಕೊಂಡೆ. ಮುಂದಿನ ತಿಂಗಳು ಎಲ್ಲ ಸರಿಹೋಗುತ್ತದೆ ಎಂದು ಎಷ್ಟು ಹೇಳಿಕೊಂಡರೂ, ಸಭಾಂಗಣದಲ್ಲಿ ಹೊತ್ತಿಕೊಂಡೇ ಇದ್ದ ಆ ಎಡಗಡೆಯ ದೀಪ ಕಣ್ಣ ಮುಂದಿನಿಂದ ಸರಿಯಲಿಲ್ಲ. ಬಸ್ಸಿನ ಎಡಗಡೆ ಎಂದರೆ ಬಾಗಿಲು, ಮಕ್ಕಳು ಹತ್ತಿ ಇಳಿಯುವ ಕಡೆ.

ತಡೆಯಲಾಗದೆ ಒಂದು ಬೆಳಗ್ಗೆ ಶ್ರೀರಾಂಪುರದ ಮೊದಲ ನಿಲ್ದಾಣಕ್ಕೆ ಹೋಗಿ ಆ ಬಸ್ಸು ಹತ್ತಿದೆ. ಬಸ್ಸಿನೊಳಗಿನ ಸದ್ದು ಅಳೆಯಬೇಕು ಎಂದು ವ್ಯವಸ್ಥಾಪಕರಿಗೆ ನೆಪ ಹೇಳಿದ್ದೆ. ಫಸ್ಟ್ ಚಾಲಕರು "ಬನ್ನಿ ಮೇಡಂ, ಬನ್ನಿ!" ಎಂದು ಬಾಯ್ತುಂಬ ಕರೆದರು. ಬಾಗಿಲಲ್ಲಿ ನಿಂತಿದ್ದ ಕುಂಬಾರಕೊಪ್ಪಲಿನವರು ನನ್ನ ಮುಖ ನೋಡಿ ದಾರಿ ಬಿಟ್ಟರು. ಇಸ್ತ್ರಿ ಮಾಡಿದ ಖಾಕಿ ಅಂಗಿ ಹಾಗೇ ಇತ್ತು. ಶ್ರವಣಯಂತ್ರವೂ ಕಿವಿಯಲ್ಲಿತ್ತು.

ಬಸ್ಸು ಹೊರಟಿತು. ಬಾಗಿಲಲ್ಲಿ ನಿಲ್ಲುವವರು ಕೂಗುವುದು, ಬಸ್ಸಿನ ಮೈ ತಟ್ಟುವುದು ನಮಗೆಲ್ಲ ಅಭ್ಯಾಸವಾದ ಸದ್ದು. ಎರಡು ಸಲ ತಟ್ಟಿದರೆ ಹೊರಡು, ಒಂದೇ ಏಟು ಬಿದ್ದರೆ ನಿಲ್ಲಿಸು. ಅದಕ್ಕೇ ಯಾರಿಗೂ ಏನೂ ಅನ್ನಿಸಿರಲಿಲ್ಲ. ಆದರೆ ಇವರು ನಿಲ್ದಾಣ ಇಲ್ಲದ ಕಡೆಯೂ ಬಾಯಿ ಮುಚ್ಚಲಿಲ್ಲ.

"ಎಡಕ್ಕೆ ಸ್ಕೂಟ್ರು... ಓಗ್ಲಿ ಓಗ್ಲಿ... ಊಂ, ಬಾ. ಅಜ್ಜಿ ಅದೆ, ತಡಿ. ಬಾ, ಬಾ. ಎಡಕ್ಕೆ ಆಟೊ..."

ನಾನು ಚಾಲಕರ ಕತ್ತನ್ನೇ ನೋಡುತ್ತಾ ಕೂತೆ. ಬಲಗಡೆಗೆ ಅದು ಸಲೀಸಾಗಿ ತಿರುಗುತ್ತಿತ್ತು. ಎಡಗಡೆಗೆ ಆ ದನಿ ಬಂದ ಮೇಲೆಯೇ ತಿರುಗುತ್ತಿತ್ತು, ಕಾಲೂ ಆಮೇಲೆಯೇ ಬ್ರೇಕಿಗೆ ಹೋಗುತ್ತಿತ್ತು. ನನ್ನ ಕೋಣೆಯಲ್ಲಿ ರಿಲೇ ಮಾಡಿದ ಕೆಲಸವನ್ನು ಇಲ್ಲಿ ಆ ಮನುಷ್ಯನ ಗಂಟಲು ಮಾಡುತ್ತಿತ್ತು.

ದಟ್ಟಗಳ್ಳಿಯ ಒಂದು ತಿರುವಿನ ಬಳಿ ಪುಟ್ಟ ಹುಡುಗಿಯ ಬ್ಯಾಗಿನ ಪಟ್ಟಿ ಸೀಟಿನ ಕಂಬಿಗೆ ಸಿಕ್ಕಿಕೊಂಡು ಅವಳು ಅಳತೊಡಗಿದಳು. ಕುಂಬಾರಕೊಪ್ಪಲಿನವರು ಬಗ್ಗಿ ಅದನ್ನು ಬಿಡಿಸತೊಡಗಿದರು. ದನಿ ನಿಂತಿತು. ಮುಂದೆ ನಿಲ್ದಾಣ, ಚಾಲಕರು ಬಸ್ಸನ್ನು ಎಡಕ್ಕೆ ಎಳೆದರು. ಅಷ್ಟರಲ್ಲಿ ಕಾಲೇಜಿಗೆ ಹೊರಟ ಒಬ್ಬ ಹುಡುಗಿ ಸೈಕಲ್ಲಿನಲ್ಲಿ ಬಸ್ಸಿಗೂ ಫುಟ್‌ಪಾತಿಗೂ ನಡುವೆ ಬಂದಿದ್ದಳು. ನನಗೆ ಕಿಟಕಿಯಲ್ಲಿ ಅವಳ ಜಡೆ, ಬೆನ್ನಿನ ಚೀಲ ಕಾಣಿಸಿತು. ಸಂದು ಕಿರಿದಾಗುತ್ತಾ ಬಂತು. ಕೂಗಲೆಂದು ಸೀಟಿನಿಂದ ಅರ್ಧ ಎದ್ದೆ. ಬಗ್ಗಿದ್ದ ಮನುಷ್ಯ ಬಾಗಿಲಿನ ಕೆಳಗಿನ ಗಾಜಿನಲ್ಲಿ ಚಕ್ರ ಕಂಡರೋ ಏನೋ, ಬಗ್ಗಿದ ಹಾಗೆಯೇ ಕೈ ಬೀಸಿ ಬಸ್ಸಿನ ತಗಡಿಗೆ ಧಡ್ ಎಂದು ಒಂದೇ ಏಟು ಹೊಡೆದರು. ಬಸ್ಸು ಗಕ್ಕನೆ ನಿಂತಿತು. ಹುಡುಗಿ ಏನೂ ತಿಳಿಯದೆ ಸೈಕಲ್ಲು ತುಳಿದುಕೊಂಡು ಹೋದಳು.

ಚಾಲಕರು ಹಿಂತಿರುಗಿ ಕೇಳಿದರು: "ಏನಾಯ್ತಣ್ಣ?"

"ಏನಿಲ್ಲ, ಬಾ" ಎಂದರು ಇವರು.

ಮಕ್ಕಳೆಲ್ಲ ಶಾಲೆಯೊಳಗೆ ಹೋದ ಮೇಲೆ ಬಸ್ಸು ನಿಲ್ಲಿಸುವ ಜಾಗದಲ್ಲಿ ಅವರನ್ನು ಹಿಡಿದು ನಿಲ್ಲಿಸಿದೆ.

"ಅವರಿಗೆ ಎಡಗಡೆ ಕಾಣಲ್ಲ ಅಂತ ನಿಮಗೆ ಗೊತ್ತಿತ್ತಾ?"

"ಮೊದಲ್ನೇ ವಾರ್ದಲ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಹೇಳಲಿಲ್ಲ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಯಾರ್ಗೆ ಏಳ್ಲಿ? ಅವನ್ಗೆ ನೀವೇ ಫಸ್ಟ್ ಕೊಟ್ಟಿದ್ರಿ. ನಾನು ಫೇಲಾದೋನು. ಏಳುದ್ರೆ ಸೀಟು ಓಯ್ತಲ್ಲ, ಅದ್ಕೇ ಒಟ್ಟೆಕಿಚ್ಚಿಗೆ ಏಳ್ತಾನೆ ಅನ್ನಲ್ವಾ ನೀವು? ಅವನ್ಗೇ ಏಳ್ದೆ, ಕಣ್ ತೋರ್ಸ್ಕೋ ಅಂತ. ಮೇಡಮ್ಮೇ ನೋಡವ್ರೆ ಬುಡಣ್ಣ ಅಂದ. ಅದ್ಕೇ ಬಾಗ್ಲಲ್ ನಿಂತ್ಕಂಡು ಕೂಗ್ತಿವ್ನಿ. ಇನ್ನೇನ್ ಮಾಡ್ಲಿ?"

ಅವರು ಹೇಳಿದ್ದು ನಿಜ. ಅವರು ಬಂದು ಹೇಳಿದ್ದರೆ ನಾನು ಹೊಟ್ಟೆಕಿಚ್ಚು ಎಂದೇ ತಿಳಿಯುತ್ತಿದ್ದೆ. ಅಲ್ಲಿಂದಲೇ ವ್ಯವಸ್ಥಾಪಕರಿಗೆ ಫೋನು ಮಾಡಿ, ಈ ಚಾಲಕರು ಮಧ್ಯಾಹ್ನ ಬಸ್ಸು ತೆಗೆಯಬಾರದು ಎಂದೆ.

"ಪಾಸಾಗಿರೋರು ಕಣ್ರೀ ಅವರು!"

"ಪಾಸಾಗಿಲ್ಲ. ನಾನು ಪರೀಕ್ಷೆ ಮಾಡಿದ್ದು ಅವರ ಕಿವಿ, ಕಣ್ಣಲ್ಲ. ಎಲ್ಲರದೂ ಹಾಗೇ ಆಗಿದೆ. ಎಲ್ಲರನ್ನೂ ಮತ್ತೆ ಕರೀಬೇಕು. ಪೋಷಕರಿಗೆ ನಾನೇ ಹೇಳ್ತೀನಿ."

"ಮೊನ್ನೆ ಸಣ್ಣ ದೋಷ ಅಂದ್ರಲ್ಲ ಮೇಡಂ" ಎಂದರು.

"ಸುಳ್ಳು ಹೇಳಿದೆ" ಎಂದೆ.

ಮಧ್ಯಾಹ್ನದಿಂದ ಬೇರೆ ಚಾಲಕರು ಬಂದರು. ಮರುಪರೀಕ್ಷೆ ಸದ್ದಿಲ್ಲದ ದೀಪಗಳ ಮುಂದೆ ಶುರುವಾಯಿತು. ಬೆಳಕು ಬಂದ ಗಳಿಗೆಯನ್ನು ಈ ಸಲ ಸೆನ್ಸರೇ ಗುರುತಿಸುತ್ತಿತ್ತು. ಕಂಪ್ಯೂಟರಿನ ಮಾತನ್ನು ನಂಬಲಿಲ್ಲ. ಎಲ್ಲ ಚಾಲಕರ ಚುರುಕೂ ಇಳಿದು ಮನುಷ್ಯರ ಮಟ್ಟಕ್ಕೆ ಬಂತು. ಬಹುಪಾಲು ಜನ ಚೆನ್ನಾಗಿಯೇ ಮಾಡಿದರು. ಶ್ರೀರಾಂಪುರದ ಚಾಲಕರಿಗೆ ಎಡಗಡೆಯ ದೀಪ ಒಂದು ಸಲವೂ ಕಾಣಲಿಲ್ಲ. ಅದು ಹೊತ್ತಿದಾಗಲೆಲ್ಲ, ಮುಂದಿನ ದೀಪ ಇನ್ನೂ ಬಂದಿಲ್ಲ ಎಂದುಕೊಂಡು ಅವರು ನಗುತ್ತಾ ಕೂತಿದ್ದರು.

ನಾನೇ ಅವರನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಡಗಣ್ಣಿನೊಳಗಿನ ಒತ್ತಡ ಏರಿ ನರ ಸವೆದಿದೆ, ನೋವಿಲ್ಲದೆ ಅಂಚಿನಿಂದ ನೋಟವನ್ನು ತಿನ್ನುತ್ತಾ ಬರುವ ಕಾಯಿಲೆ ಎಂದರು ವೈದ್ಯರು. ದಿನಾ ಹನಿ ಹಾಕಿದರೆ ಉಳಿದಷ್ಟು ನೋಟ ಉಳಿಯಬಹುದು, ಹೋದದ್ದು ಬರುವುದಿಲ್ಲ. ಕೆಲವು ತಿಂಗಳ ಹಿಂದೆ ಬಂದಿದ್ದರೆ ಎಂದು ಕೇಳಿದೆ. ಆಗಲೇ ಹನಿ ಶುರುಮಾಡಿದ್ದರೆ ಇನ್ನಷ್ಟು ಉಳಿಯುತ್ತಿತ್ತೇನೋ ಎಂದರು ಅವರು. ಹೊರಗೆ ಬೆಂಚಿನ ಮೇಲೆ ಚಾಲಕರು ಮಂಕಾಗಿ ಕೂತಿದ್ದರು. ಮೊದಲ ಸಲ ಅವರ ಮುಖದಲ್ಲಿ ನಗು ಇರಲಿಲ್ಲ.

"ನೀವೇ ಫಸ್ಟ್ ಅಂದ್ರಲ್ಲ ಮೇಡಂ" ಎಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈಗ ಅವರಿಗೆ ಶಾಲೆಯ ಉಗ್ರಾಣದಲ್ಲಿ ಕೆಲಸ ಕೊಟ್ಟಿದ್ದಾರೆ. ಹನಿ ತಪ್ಪದೆ ಹಾಕಿಕೊಳ್ಳುತ್ತಿದ್ದಾರಾ ಎಂದು ನಾನು ಆಗಾಗ ಫೋನು ಮಾಡುತ್ತೇನೆ. ಅವರು ಮರ್ಯಾದೆಯಿಂದ ಉತ್ತರ ಕೊಡುತ್ತಾರೆ. ಅದರಿಂದ ಅವರ ಎಡಗಡೆ ಮರಳಿ ಬರುವುದಿಲ್ಲ ಎಂದು ನನಗೆ ಗೊತ್ತು.

ಮರುಪರೀಕ್ಷೆಗೆ ಬಾರದೆ ಉಳಿದವರು ಕುಂಬಾರಕೊಪ್ಪಲಿನವರೊಬ್ಬರೇ. "ಅವ್ರು ತಪ್ಪಾಯ್ತು ಅಂತ ಬಾಯ್ಬುಟ್ಟು ಏಳ್ಲಿ, ಆಮೇಕೆ ನೋಡುವ" ಎಂದು ವ್ಯವಸ್ಥಾಪಕರ ಕೈಲಿ ಹೇಳಿ ಕಳಿಸಿದ್ದರು. ಪೋಷಕರ ಸಭೆಯಲ್ಲಿ ಮೈಕಿನ ಮುಂದೆ ನಿಂತು ನಾನು ಎಲ್ಲವನ್ನೂ ಹೇಳಿದೆ. ಆ ದಿನ ಅವರು ಬಂದಿರಲಿಲ್ಲ. ಅವರ ಮನೆಗೆ ಹೋಗಬೇಕೆಂದು ಎರಡು ಸಲ ಹೊರಟು, ಕುಂಬಾರಕೊಪ್ಪಲಿನ ತಿರುವಿನವರೆಗೆ ಹೋಗಿ ಹಿಂತಿರುಗಿದೆ. ಸಾವಿರ ಜನರ ಮುಂದೆ ಹೇಳಿದ್ದನ್ನು ಒಬ್ಬರ ಮುಂದೆ ಹೇಳುವ ಧೈರ್ಯ ನನಗಿರಲಿಲ್ಲ.

ಕೊನೆಗೆ ಒಂದು ದಿನ ಅವರೇ ಬಂದರು. ಕೋಣೆಯಲ್ಲಿ ನಾವಿಬ್ಬರೇ. ಕುರ್ಚಿಯಲ್ಲಿ ಕೂತು ಅವರು ಕಿವಿಗೆ ಕೈ ಹಾಕಿದರು.

"ಬೇಡ, ಹಾಕ್ಕೊಂಡೇ ಇರಿ" ಎಂದೆ.

"ಬ್ಯಾಡ. ಅವತ್ತು ಎಂಗ್ ಮಾಡುದ್ರೋ ಅಂಗೇ ಮಾಡಿ."

ಯಂತ್ರವನ್ನು ನನ್ನ ಅಂಗೈಯಲ್ಲಿಟ್ಟರು. ಮುಷ್ಟಿ ಮುಚ್ಚಿದೊಡನೆ ಅದು ಅವತ್ತಿನಂತೆಯೇ ಕುಂಯ್ ಎಂದಿತು. ಸ್ಟೀಲ್ ಡಬ್ಬಿ ಮೇಜಿನ ಮೇಲೇ ಇತ್ತು. ಅದರ ಕಡೆ ಕೈ ಹೋಗಲಿಲ್ಲ. ಪರೀಕ್ಷೆ ಮುಗಿಯುವವರೆಗೂ ಅದು ನನ್ನ ಕೈಯೊಳಗೆ ಸಣ್ಣಗೆ ಅಳುತ್ತಲೇ ಇತ್ತು. ಅವರಿಗೆ ಅದು ಕೇಳುತ್ತಿರಲಿಲ್ಲ. ದೀಪಗಳ ಮೇಲೆ ಕಣ್ಣು ನೆಟ್ಟು ಅವರು ಬ್ರೇಕ್ ಒತ್ತುತ್ತಿದ್ದರು. ಎಡ, ಬಲ, ನಡುವೆ, ಮತ್ತೆ ಎಡ, ಒಂದೂ ತಪ್ಪಲಿಲ್ಲ.

ಫಲಿತಾಂಶ ಪರದೆಯ ಮೇಲೆ ಬಂತು. ಅವರು ಫಸ್ಟೇನೂ ಅಲ್ಲ. ಎಲ್ಲರ ನಡುವೆ ಸೇರುವ, ನಂಬಿ ಮಕ್ಕಳನ್ನು ಕೂರಿಸಬಹುದಾದ ಒಬ್ಬ ಒಳ್ಳೆಯ ಚಾಲಕ. ಅವತ್ತೂ ಹಾಗೇ ಇದ್ದರು. ಅವರು ಇನ್ನೂ ಹಲಗೆಯ ಕಡೆಗೇ ಮುಖ ಮಾಡಿ ಕೂತಿದ್ದರು, ಅವರ ಬೆನ್ನು ನನ್ನ ಕಡೆಗಿತ್ತು. ಆಗ ನನ್ನ ಬಾಯಿ ತೆರೆಯಿತು.

"ತಪ್ಪು ನನ್ನದು. ನೀವು ಅವತ್ತು ಸರಿಯಾಗೇ ಒತ್ತಿದ್ರಿ. ನಿಮ್ಮ ಕಿವಿ ತೆಗೆಸಿದ್ದೂ ನಾನೇ, ನಿಮ್ಮನ್ನ ಸುಳ್ಳುಗಾರ ಮಾಡಿದ್ದೂ ನಾನೇ. ನನ್ನನ್ನ ಕ್ಷಮಿಸಿ."

ಎಲ್ಲವೂ ಸಲೀಸಾಗಿ ಬಂದುಬಿಟ್ಟಿತು. ಮುಷ್ಟಿಯೊಳಗಿನ ಯಂತ್ರ ಕೂಗುತ್ತಲೇ ಇತ್ತು. ಯಾಕೆ ಅಷ್ಟು ಸಲೀಸಾಗಿ ಬಂತು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಹೇಳಿಬಿಟ್ಟೆನಲ್ಲ ಎಂದು ಉಸಿರು ಬಿಟ್ಟೆ.

ಹಲಗೆಯ ಕಪ್ಪು ಬಣ್ಣದ ಹೊಳಪಿನಲ್ಲಿ ನನ್ನ ತುಟಿ ಅಲ್ಲಾಡಿದ್ದು ಅವರಿಗೆ ಕಂಡಿರಬೇಕು. ಅವರು ಕುರ್ಚಿ ತಿರುಗಿಸಿ ಕೈ ಚಾಚಿದರು. ಯಂತ್ರವನ್ನು ಕೊಟ್ಟೆ. ಅದನ್ನು ನಿಧಾನವಾಗಿ ಕಿವಿಗೆ ಕೂರಿಸಿಕೊಂಡರು. ಸಿಳ್ಳೆ ನಿಂತಿತು. ನನ್ನ ಮುಖವನ್ನೇ ನೋಡುತ್ತಾ ಕೈ ಕಟ್ಟಿ ಕೂತರು.

"ಈಗ ಏಳಿ" ಎಂದರು.

ನಾನು ಮೊದಲಿನಿಂದ ಹೇಳಿದೆ.